ತಲೆಯ ತನಕ ಏರುವ ಕೈ

ನನ್ನ ದೊಡ್ಡಮ್ಮನ ಕೋಣೆಯ ಗೋಡೆಗೂಡಿನಲ್ಲಿ ಒಂದು ವಿಚಿತ್ರವಾದ ಬಾಚಣಿಗೆ ಇರುತ್ತಿತ್ತು. ಬಾಚಣಿಗೆಯೇನೋ ಎಲ್ಲರ ಮನೆಯದರಂತೆ ಮರದ್ದೇ. ಆದರೆ ಅದರ ಬೆನ್ನಿಗೆ ಒಂದು ಮೊಳ ಉದ್ದದ ಬಿದಿರಿನ ಸೀಳನ್ನು ಸೇರಿಸಿ, ದಾರ ಸುತ್ತಿ ಬಿಗಿಯಾಗಿ ಕಟ್ಟಿತ್ತು. ಅದು ದೊಡ್ಡಪ್ಪನ ಕೈಕೆಲಸ. ಬಾಲಕನಾಗಿದ್ದ ನನಗೆ ಅದೊಂದು ಆಟದ ಸಾಮಾನಿನಂತೆ ಕಾಣುತ್ತಿತ್ತು. ಅದರ ಅರ್ಥ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ದೊಡ್ಡಮ್ಮನಿಗೆ ನಲವತ್ತು ದಾಟುವ ಮೊದಲೇ ಕೀಲುಗಳು ಊದಿಕೊಳ್ಳುವ ಬೇನೆ ಹಿಡಿದಿತ್ತು. ಮೊದಲು ಬೆರಳುಗಳು, ಆಮೇಲೆ ಮಣಿಕಟ್ಟು, ಮಂಡಿ. ಕೊನೆಗೆ ಎರಡು ಹೆಗಲುಗಳು. ಎತ್ತಿದ ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಕೈಗೂ ತಲೆಗೂ ನಡುವೆ ಉಳಿದ ದೂರವನ್ನು ಆ ಬಿದಿರಿನ ಸೀಳು ತುಂಬುತ್ತಿತ್ತು.

ಮಲಗಿದರೆ ಹೆಗಲು ಸಿಡಿಯುತ್ತಿದ್ದುದರಿಂದ ಅವರು ಎಷ್ಟೋ ರಾತ್ರಿಗಳನ್ನು ಆರಾಮಕುರ್ಚಿಯಲ್ಲಿ ಕುಳಿತೇ ಕಳೆದರು. ಬೇರೆ ಊರಿನಲ್ಲಿ ಓದುತ್ತಿದ್ದ ನಾನು ಒಮ್ಮೆ ರಜೆಗೆ ಬಂದವನು, ಕೃತಕ ಕೀಲು ಕೂಡಿಸುವ ಶಸ್ತ್ರಕ್ರಿಯೆಯ ಸುದ್ದಿಯನ್ನು ಎಲ್ಲೋ ಓದಿ, ಉತ್ಸಾಹದಿಂದ ಅವರಿಗೆ ಹೇಳಿದೆ. ಅವರು ನಕ್ಕು, ‘ಕೈ ಅಟ್ಟದವರೆಗೆ ಏರೋದು ಬೇಡ ಕಣಪ್ಪ. ರಾತ್ರಿ ಒಂದಿಷ್ಟು ನಿದ್ದೆ ಬರಲಿ, ಬೆಳಿಗ್ಗೆ ನನ್ನ ತಲೆ ನಾನೇ ಬಾಚಿಕೊಳ್ಳೋ ಹಾಗಾಗಲಿ. ಅಷ್ಟು ಸಾಕು’ ಎಂದರು.

ಹೆಗಲಿನ ಕೀಲನ್ನು ಬದಲಾಯಿಸುವ ಶಸ್ತ್ರಕ್ರಿಯೆಯ ಚರಿತ್ರೆಯನ್ನು ಈಚೆಗೆ ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಮಾತು. ನಾನು ವೈದ್ಯನಲ್ಲ, ಕುತೂಹಲದಿಂದ ಓದಿದವನು ಮಾತ್ರ. ಆದರೆ ಆ ಚರಿತ್ರೆಯಲ್ಲಿ ನನಗೆ ಕಂಡ ಒಂದು ಸಂಗತಿಯನ್ನು ತಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ. ಲೋಹ, ರಬ್ಬರು, ಸಿಮೆಂಟುಗಳ ನಡುವೆ ಸುಮಾರು ತೊಂಬತ್ತು ವರ್ಷ ಅಲೆದ ಮೇಲೆ ವೈದ್ಯವಿಜ್ಞಾನ ಬಂದು ಸೇರಿದ ನೆಲೆ, ಹೆಚ್ಚುಕಡಿಮೆ, ದೊಡ್ಡಮ್ಮ ಆರಾಮಕುರ್ಚಿಯಲ್ಲಿ ಕುಳಿತು ಹೇಳಿದ ನೆಲೆಯೇ ಆಗಿತ್ತು.

ಮೊದಲು ರೋಗದ ಮಾತು. ಕೀಲುನೋವುಗಳಲ್ಲಿ ಬಗೆಗಳು ಹಲವು. ವಯಸ್ಸಿನೊಂದಿಗೆ ಕೀಲು ಸವೆದು ಬರುವ ನೋವು ಒಂದು ಬಗೆಯದು. ಇದು ಬೇರೆ. ಇಲ್ಲಿ ದೇಹದ ರಕ್ಷಣಾಬಲವೇ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಪೊರೆ ಕೆಂಪಾಗಿ ಊದಿಕೊಂಡು, ಬೆಳೆದು, ಕಳೆ ಹಬ್ಬಿದಂತೆ ಮೃದ್ವಸ್ಥಿಯ ಮೇಲೆ ಹಬ್ಬಿ ಅದನ್ನು ತಿನ್ನುತ್ತದೆ. ಪಕ್ಕದ ಮೂಳೆಯನ್ನೂ ಕೊರೆಯುತ್ತದೆ. ನಮ್ಮ ದೇಶದಲ್ಲಿ ಮಾಧವಕರನ ‘ಮಾಧವನಿದಾನ’ವು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ‘ಆಮವಾತ’ವೆಂಬ ರೋಗವನ್ನು ಪ್ರತ್ಯೇಕವಾಗಿ ವರ್ಣಿಸಿತ್ತು, ಈ ರೋಗಕ್ಕೂ ಅದಕ್ಕೂ ಇರುವ ಹೋಲಿಕೆಯನ್ನು ಅನೇಕರು ಗುರುತಿಸಿದ್ದಾರೆ. ಯೂರೋಪಿನಲ್ಲಿ 1800ರಲ್ಲಿ ಲಾಂಡ್ರೆ-ಬೋವೆ ಎಂಬ ತರುಣ ವೈದ್ಯ ಪ್ಯಾರಿಸ್ಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ತಾನು ಕಂಡ ಒಂಬತ್ತು ಮಂದಿ ಸ್ತ್ರೀಯರ ವೃತ್ತಾಂತವನ್ನು ತನ್ನ ಪ್ರಬಂಧದಲ್ಲಿ ಬರೆದ. 1859ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್ ಇದಕ್ಕೆ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರಿಟ್ಟ. ಲಾಂಡ್ರೆ-ಬೋವೆಯ ರೋಗಿಗಳೆಲ್ಲರೂ ಸ್ತ್ರೀಯರಾಗಿದ್ದುದು ಕೇವಲ ಆಕಸ್ಮಿಕವಲ್ಲ. ಇಂದಿಗೂ ಈ ರೋಗ ಪುರುಷರಿಗಿಂತ ಸ್ತ್ರೀಯರನ್ನೇ ಹೆಚ್ಚಾಗಿ ಹಿಡಿಯುತ್ತದೆ.

ಆದರೂ ಈ ರೋಗದ ಚರಿತ್ರೆಯಲ್ಲಿ ಎಲ್ಲರಿಗೂ ಪರಿಚಿತನಾದ ರೋಗಿ ಒಬ್ಬ ಪುರುಷ. ಆತ ಫ್ರಾನ್ಸಿನ ಮಹಾಚಿತ್ರಕಾರ ಪಿಯೇರ್-ಓಗ್ಯೂಸ್ತ್ ರೆನ್ವಾರ್. 1841ರಲ್ಲಿ ಹುಟ್ಟಿದ ರೆನ್ವಾರನಿಗೆ ಐವತ್ತರ ಆಸುಪಾಸಿನಲ್ಲಿ ರೋಗ ಕಾಣಿಸಿಕೊಂಡಿತು. ಬೆರಳುಗಳು ಅಂಗೈಯೊಳಕ್ಕೆ ಮಡಿಚಿಕೊಂಡವು; ಬಲಹೆಗಲು ಬಿಗಿದುಹೋಯಿತು. ದೊಡ್ಡ ಚಿತ್ರದ ಮೇಲಂಚಿಗೆ ಆತನ ಕೈ ಏರದು. ಆಗ ಚಿತ್ರದ ಬಟ್ಟೆಯನ್ನೇ ಉರುಳೆಗಳ ಮೇಲೆ ಸುತ್ತಿ, ಬೇಕಾದ ಭಾಗ ಆತನ ಕೈಯೆದುರಿಗೆ ಬಂದು ನಿಲ್ಲುವಂತೆ ಒಂದು ಸಾಧನವನ್ನು ಹೂಡಲಾಯಿತು. ಕೈ ಚಿತ್ರದ ಬಳಿಗೆ ಹೋಗಲಾರದಾದಾಗ ಚಿತ್ರವೇ ಕೈಯ ಬಳಿಗೆ ಬಂದಿತು. ಇದನ್ನು ಓದಿದಾಗ ನನಗೆ ದೊಡ್ಡಪ್ಪನ ಬಿದಿರಿನ ಸೀಳು ಕಣ್ಣೆದುರು ಬಂದು ನಿಂತಿತು.

ರೆನ್ವಾರನ ವಿಷಯದಲ್ಲಿ ಇನ್ನೊಂದು ಕಥೆಯುಂಟು. ಅದನ್ನು ಆತನ ಮಗ, ಚಲಚಿತ್ರ ನಿರ್ದೇಶಕ ಜಾನ್ ರೆನ್ವಾರ್ ತನ್ನ ನೆನಪುಗಳಲ್ಲಿ ಹೇಳಿದ್ದಾನೆ. 1912ರ ಹೊತ್ತಿಗೆ ತಂದೆ ಗಾಲಿಕುರ್ಚಿಗೆ ಅಂಟಿಕೊಂಡಿದ್ದ. ಒಬ್ಬ ವೈದ್ಯ ಆತನನ್ನು ನಡೆಸಿಯೇ ತೀರುತ್ತೇನೆಂದು ಪಣತೊಟ್ಟು, ಪಥ್ಯ ಮಾಡಿಸಿ, ಒಂದು ದಿನ ಎಬ್ಬಿಸಿ ನಿಲ್ಲಿಸಿದ. ರೆನ್ವಾರ್ ಚಿತ್ರಪೀಠದ ಸುತ್ತ ನಾಲ್ಕು ಹೆಜ್ಜೆ ನಡೆದದ್ದೂ ಆಯಿತು. ಆಮೇಲೆ, ನಡೆಯುವುದಕ್ಕೇ ಶಕ್ತಿಯೆಲ್ಲ ಮುಗಿದರೆ ಬರೆಯುವುದಕ್ಕೆ ಉಳಿಯುವುದೇನು ಎಂದು ಹೇಳಿ ಕುರ್ಚಿಗೆ ಮರಳಿದ, ಮತ್ತೆ ನಡೆಯಲಿಲ್ಲ. 1919ರಲ್ಲಿ ಸಾಯುವವರೆಗೂ ಚಿತ್ರ ಬರೆಯುತ್ತಲೇ ಇದ್ದ. ವೈದ್ಯನಿಗೆ ಬೇಕಾಗಿದ್ದ ಗೆಲುವು ಬೇರೆ, ರೋಗಿಗೆ ಬೇಕಾಗಿದ್ದ ಗೆಲುವು ಬೇರೆ. ಈ ಭೇದವೇ ನನ್ನ ಇಂದಿನ ಮಾತಿನ ತಿರುಳು.

ಈಗ ಹೆಗಲಿಗೆ ಬರೋಣ. ಸೊಂಟದ ಕೀಲು ನಮ್ಮ ಒರಳಿನಂತೆ: ಆಳವಾದ ಗುಳಿ, ಅದರೊಳಗೆ ಕುಳಿತ ಗುಂಡು. ಎಷ್ಟು ತಿರುವಿದರೂ ಗುಂಡು ಗುಳಿಯನ್ನು ಬಿಟ್ಟು ಹೊರಬಾರದು. ಹೆಗಲಿನ ಕೀಲು ಹಾಗಲ್ಲ. ತೋಳುಮೂಳೆಯ ತುದಿಯಲ್ಲಿ ದೊಡ್ಡ ಗುಂಡಿದೆ. ಅದಕ್ಕೆ ಎದುರಾಗಿ ಹೆಗಲ ಹಲಗೆಮೂಳೆಯಲ್ಲಿರುವುದು ಸಣ್ಣದಾದ, ಹೆಚ್ಚು ಆಳವಿಲ್ಲದ ಒಂದು ತಟ್ಟೆ. ಆ ತಟ್ಟೆಯ ಮೇಲೆ ಗುಂಡು ಜಾರದೆ ನಿಲ್ಲುವುದು ಮೂಳೆಯ ಬಲದಿಂದಲ್ಲ, ಅದನ್ನು ಸುತ್ತುವರಿದ ನಾಲ್ಕು ಸಣ್ಣ ಸ್ನಾಯುಗಳ ಬಲದಿಂದ. ಓಲಾಡುವ ತೇರನ್ನು ನಾಲ್ಕು ಕಡೆಯಿಂದ ಮಿಣಿ ಹಿಡಿದವರು ಹದವರಿತು ಜಗ್ಗುವಂತೆ, ಈ ನಾಲ್ಕು ಸ್ನಾಯುಗಳು ಗುಂಡನ್ನು ತಟ್ಟೆಯ ನಡುವಿಗೆ ಎಳೆದು ಹಿಡಿದಿರುತ್ತವೆ. ಆಗ ಮಾತ್ರ ಮೇಲಿರುವ ಡೆಲ್ಟಾಯ್ಡ್ ಎಂಬ ದೊಡ್ಡ ಸ್ನಾಯು ತೋಳನ್ನು ಎತ್ತಬಲ್ಲುದು. ಮಿಣಿ ಹರಿದರೆ ಎತ್ತುವ ಸ್ನಾಯು ಗುಂಡನ್ನೇ ಮೇಲಕ್ಕೆ ಜಾರಿಸುತ್ತದೆ, ಕೈ ಏರುವುದಿಲ್ಲ.

ಉರಿಯೂತದ ಸಂಧಿವಾತದ ಕ್ರೌರ್ಯ ಇರುವುದು ಇಲ್ಲಿಯೇ. ಅದು ಗುಂಡಿನ ನುಣುಪನ್ನು ಮಾತ್ರ ಕೆಡಿಸುವುದಿಲ್ಲ. ತಟ್ಟೆಯ ಮೂಳೆಯನ್ನು ಒಳಗೊಳಗೇ ಕೊರೆಯುತ್ತದೆ, ಉಳಿದ ಮೂಳೆಯನ್ನು ಟೊಳ್ಳಾಗಿಸುತ್ತದೆ, ಸ್ನಾಯುಗಳ ತುದಿಯ ಕಂಡರಗಳನ್ನು ತೆಳುವಾಗಿಸಿ ಒಮ್ಮೊಮ್ಮೆ ಹರಿದೇ ಬಿಡುತ್ತದೆ. ತೇರು, ಗಾಲಿ, ಮಿಣಿ ಎಲ್ಲವೂ ಒಟ್ಟಿಗೆ ಕೆಟ್ಟ ಸ್ಥಿತಿ ಅದು. ಇಂಥ ಹೆಗಲಿಗೆ ಹೊಸ ಕೀಲನ್ನು ಕೂಡಿಸುವುದು ಸುಲಭದ ಮಾತಲ್ಲ.

ಕೃತಕ ಹೆಗಲಿನ ಕಥೆ ಮೊದಲಾದದ್ದು ಸಂಧಿವಾತದಿಂದಲ್ಲ, ಕ್ಷಯದಿಂದ. 1893ರಲ್ಲಿ ಪ್ಯಾರಿಸ್ಸಿನ ಪ್ರಸಿದ್ಧ ಶಸ್ತ್ರವೈದ್ಯ ಜೂಲ್-ಎಮಿಲ್ ಪೇಆನ್ ಬಳಿಗೆ ಹೆಗಲಿಗೆ ಕ್ಷಯ ತಗುಲಿದ 37 ವರ್ಷದ ಬಡವನೊಬ್ಬ ಬಂದ. ಆ ಕಾಲದ ದಾರಿ ತೋಳನ್ನೇ ಕಡಿದು ತೆಗೆಯುವುದು. ರೋಗಿ ಅದಕ್ಕೆ ಒಪ್ಪಲಿಲ್ಲ. ಪೇಆನ್ ಒಬ್ಬ ದಂತವೈದ್ಯನ ನೆರವು ಬೇಡಿದ. ಆ ದಂತವೈದ್ಯ ಪ್ಲಾಟಿನಮ್ಮಿನ ಕೊಳವೆಯೊಂದನ್ನು ತೋಳುಮೂಳೆಯ ಬದಲಿಗೆ ಮಾಡಿ, ಅದರ ತುದಿಗೆ ಪ್ಯಾರಫಿನ್ನಿನಲ್ಲಿ ಕುದಿಸಿ ಗಟ್ಟಿಮಾಡಿದ ರಬ್ಬರಿನ ಗುಂಡನ್ನು ಕೂಡಿಸಿಕೊಟ್ಟ. ಕೆಲಕಾಲ ಆ ಕೈ ಕೆಲಸಕ್ಕೆ ಬಂದಿತು. ಆದರೆ ಕ್ಷಯ ಬಿಡಲಿಲ್ಲ, ಕೀವು ನಿಲ್ಲಲಿಲ್ಲ. ಸುಮಾರು ಎರಡು ವರ್ಷಗಳಲ್ಲಿ ಅದನ್ನು ಹೊರಗೆ ತೆಗೆಯಬೇಕಾಯಿತು. ಆ ಕೃತಕ ಹೆಗಲು ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹವನ್ನು ಸೇರಿತು. ಚಿತ್ರಕಲೆಯ ಪ್ರಿಯರಿಗೆ ಪೇಆನ್ ಅಪರಿಚಿತನಲ್ಲ: ಆತ ಶಸ್ತ್ರಕ್ರಿಯೆ ನಡೆಸುತ್ತಿರುವ ದೃಶ್ಯವನ್ನು ತುಲೂಸ್-ಲೋತ್ರೆಕ್ 1891ರಲ್ಲಿ ಚಿತ್ರಿಸಿದ್ದಾನೆ.

ಅದೇ ಕಾಲದಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲೆಸ್ ಗ್ಲುಕ್ ದಂತದಿಂದ, ಎಂದರೆ ಆನೆಯ ದಂತದಿಂದ, ಕೀಲುಗಳನ್ನು ಕಡೆಸಿ ಕೂಡಿಸಲು ಹೊರಟಿದ್ದ. ಆತನ ಕನಸನ್ನೂ ಮುರಿದದ್ದು ಕ್ಷಯವೇ, ಕೀವೇ. ಕಲ್ಪನೆ ಕಾಲಕ್ಕಿಂತ ಮುಂದೆ ಓಡಿದಾಗ ಆಗುವ ಅನಾಹುತ ಇದು. ಕೀವನ್ನು ತಡೆಯುವ ಔಷಧಿ ಇನ್ನೂ ಹುಟ್ಟಿರಲಿಲ್ಲ. ದೇಹ ಸಹಿಸಿಕೊಳ್ಳುವ ಲೋಹ ಸಿಕ್ಕಿರಲಿಲ್ಲ. ಮುಂದೆ ಐವತ್ತು ವರ್ಷಗಳಿಗೂ ಹೆಚ್ಚು ಕಾಲ ಹೆಗಲಿನ ಕಥೆ ಅಲ್ಲಿಯೇ ನಿಂತಿತು.

ಅದು ಮತ್ತೆ ಚಲಿಸಿದ್ದು ನ್ಯೂಯಾರ್ಕಿನಲ್ಲಿ. ಕೊಲಂಬಿಯ-ಪ್ರೆಸ್ಬಿಟೇರಿಯನ್ ಆಸ್ಪತ್ರೆಯ ಚಾರ್ಲ್ಸ್ ನೀರ್ (ಹುಟ್ಟಿದ್ದು 1917, ಒಕ್ಲಹೋಮದಲ್ಲಿ) ಮುರಿದ ಹೆಗಲುಗಳನ್ನು ನೋಡುತ್ತಿದ್ದ ತರುಣ ವೈದ್ಯ. ಗುಂಡು ನುಚ್ಚುನೂರಾದಾಗ ಅದನ್ನು ಆಯ್ದು ಬಿಸಾಡುವುದು ಆಗಿನ ಪದ್ಧತಿ. ಹಾಗೆ ಮಾಡಿಸಿಕೊಂಡವರ ಕೈ ಜೋಲುತ್ತಿತ್ತು, ನೋವು ಉಳಿಯುತ್ತಿತ್ತು. 1950ರ ದಶಕದ ಆರಂಭದಲ್ಲಿ ನೀರ್ ಕಳೆದುಹೋದ ಗುಂಡಿನ ಬದಲಿಗೆ ವೈಟಾಲಿಯಮ್ ಎಂಬ ಮಿಶ್ರಲೋಹದ ಗುಂಡನ್ನು ರೂಪಿಸಿದ; 1955ರಲ್ಲಿ ಅದರ ಫಲವನ್ನು ಪ್ರಕಟಿಸಿದ. ಕೋಬಾಲ್ಟ್ ಮತ್ತು ಕ್ರೋಮಿಯಮ್ ಸೇರಿದ ಈ ಲೋಹ ಮೊದಲು ಬಳಕೆಗೆ ಬಂದದ್ದು ಹಲ್ಲಿನ ಕೆಲಸಕ್ಕೆ. ಪೇಆನ್‌ನಂತೆ ನೀರ್‌ನಿಗೂ ದಂತವೈದ್ಯರ ಋಣ ತಪ್ಪಲಿಲ್ಲ.

ನೀರ್‌ನ ವಿಶೇಷವೆಂದರೆ ಆತ ಗುಂಡನ್ನು ಬದಲಿಸಿದನೇ ಹೊರತು ಹೆಗಲಿನ ಸ್ವಭಾವವನ್ನು ಬದಲಿಸಲು ಹೋಗಲಿಲ್ಲ. ನಿಜವಾದ ಗುಂಡಿನ ಗಾತ್ರ, ನಿಜವಾದ ವಕ್ರತೆ. ಉಳಿದದ್ದೆಲ್ಲ ಸ್ನಾಯುಗಳ ಕೈಗೆ. ಈ ವಿನಯ ಎಲ್ಲರಿಗೂ ಇರಲಿಲ್ಲ. 1960ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಲೋಹದ ಗುಂಡು, ಪಾಲಿಎಥಿಲೀನಿನ ಬಟ್ಟಲು, ಮೂಳೆಗೆ ಅಂಟಿಸುವ ಸಿಮೆಂಟು ಇವುಗಳಿಂದ ಸೊಂಟದ ಕೀಲನ್ನು ಬದಲಿಸಿ ಜಗತ್ತನ್ನೇ ಬೆರಗುಗೊಳಿಸಿದ್ದ. ಸೊಂಟದಲ್ಲಿ ಆದದ್ದು ಹೆಗಲಿನಲ್ಲೇಕೆ ಆಗದು? ಸ್ನಾಯುಗಳು ಹರಿದಿದ್ದರೆ ಹರಿದಿರಲಿ. ಗುಂಡು ಹೊರಬಾರದಂತೆ ಬಟ್ಟಲಿನೊಳಗೆ ಬಂಧಿಸಿಬಿಟ್ಟರಾಯಿತು ಎಂದು ಹಲವರು ಯೋಚಿಸಿದರು. ಸಂಧಿವಾತದ ಹೆಗಲಿಗೆ ಇದೇ ತಕ್ಕ ಮದ್ದೆಂದು ತೋರಿತು.

ಲಂಡನ್ನಿನ ಬಳಿಯ ಸ್ಟಾನ್‌ಮೋರ್‌ನಲ್ಲಿ ಅಲನ್ ಲೆಟಿನ್ ಮತ್ತು ಜಾನ್ ಸ್ಕೇಲ್ಸ್ ಇಂಥ ಒಂದು ಕೀಲನ್ನು ರೂಪಿಸಿ, 1972ರಲ್ಲಿ ಇಬ್ಬರು ರೋಗಿಗಳ ವೃತ್ತಾಂತವನ್ನು ಮುಂದಿಟ್ಟರು. ಅಮೆರಿಕದಲ್ಲಿಯೂ ಅನೇಕ ಬಗೆಯ ಬಂಧಿತ ಕೀಲುಗಳು ಹೊರಬಂದವು. ನೋವು ಇಳಿಯಿತು, ನಿಜ. ಆದರೆ ಬಂಧಿಸಿದ ಕೀಲಿಗೆ ಜಾರುವ ಸ್ವಾತಂತ್ರ್ಯವಿಲ್ಲವಾದ್ದರಿಂದ ಕೈಯ ಪ್ರತಿಯೊಂದು ಎಳೆತವೂ ಸಿಮೆಂಟಿನ ಮೇಲೆ, ಅದರ ಹಿಂದಿನ ಮೂಳೆಯ ಮೇಲೆ ಹೋಗಿ ಬೀಳುತ್ತಿತ್ತು. ಸಂಧಿವಾತ ತಿಂದು ಉಳಿಸಿದ ಆ ಮೂಳೆಯೋ ಟೊಳ್ಳು. ಗೋಡೆ ಮಣ್ಣಿನದಾಗಿದ್ದರೆ ಅದಕ್ಕೆ ಹೊಡೆದ ಗೂಟ ಎಷ್ಟು ಗಟ್ಟಿಯಾಗಿದ್ದರೇನು? ಕೀಲುಗಳು ಸಡಿಲವಾದವು, ಕಳಚಿದವು, ಕೆಲವನ್ನು ತೆಗೆದೇಹಾಕಬೇಕಾಯಿತು. 1982ರಲ್ಲಿ ಸ್ಟಾನ್‌ಮೋರಿನವರು ತಮ್ಮ 50 ಶಸ್ತ್ರಕ್ರಿಯೆಗಳ ಫಲವನ್ನು, ಸೋಲುಗಳನ್ನೂ ಸೇರಿಸಿ, ಪ್ರಾಮಾಣಿಕವಾಗಿ ಪ್ರಕಟಿಸಿದರು. ಬಂಧಿತ ಕೀಲಿನ ಯುಗ ಮುಗಿಯುತ್ತ ಬಂದಿತ್ತು.

ಈ ನಡುವೆ ನೀರ್ ತನ್ನ ದಾರಿಯಲ್ಲಿ ಮುಂದುವರಿದಿದ್ದ. 1971ರಲ್ಲಿ ಆತ ಸಂಧಿವಾತದ ಹೆಗಲುಗಳಲ್ಲಿ ಮೂರು ಬಗೆಗಳನ್ನು ವಿಂಗಡಿಸಿ ಬರೆದ: ಕೀಲು ಒಣಗಿ ಬಿಗಿಯುವ ಬಗೆ, ಒಳಪೊರೆ ಉಬ್ಬಿ ಒದ್ದೆಯಾಗುವ ಬಗೆ, ಮೂಳೆಯೇ ಕರಗಿಹೋಗುವ ಬಗೆ. ಆಮೇಲೆ ಗುಂಡಿಗೆ ಜೊತೆಯಾಗಿ ಪಾಲಿಎಥಿಲೀನಿನ ತಟ್ಟೆಯನ್ನೂ ಕೂಡಿಸತೊಡಗಿದ. 1970ರ ದಶಕದ ಈ ಜೋಡಿಯೇ ಇಂದಿನ ಸಂಪೂರ್ಣ ಹೆಗಲುಬದಲಿಗೆ ಮಾದರಿ. ಆದರೆ 1982ರ ಆತನ ದೊಡ್ಡ ವರದಿಯಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಯಂತ್ರವಲ್ಲ, ಒಂದು ಪದ. ಸ್ನಾಯುವೂ ಮೂಳೆಯೂ ಹಾಳಾದ ರೋಗಿಗಳನ್ನು ಆತ ಬೇರೆಯಾಗಿ ವಿಂಗಡಿಸಿ, ಅವರಿಗೆ ‘ಮಿತ ಗುರಿ’ಯ ಚಿಕಿತ್ಸೆ ಎಂದು ಹೆಸರಿಟ್ಟ. ಅವರ ಕೈ ಆರೋಗ್ಯವಂತರ ಕೈಯಂತೆ ಏರಬೇಕೆಂದು ಹಟ ಹಿಡಿಯಬಾರದು. ನೋವು ಇಳಿಯಬೇಕು, ಕೀಲು ಅಲುಗದೆ ನಿಲ್ಲಬೇಕು, ದಿನದ ಕೆಲಸಕ್ಕೆ ಸಾಲುವಷ್ಟು ಚಲನೆ ಬರಬೇಕು. ಅಷ್ಟು ಬಂದರೆ ಅದು ಗೆಲುವೇ. ಜಗತ್ತಿನಲ್ಲಿ ಹೆಗಲಿನ ಶಸ್ತ್ರವೈದ್ಯರಿಗೆಲ್ಲ ಗುರುವಾಗಿದ್ದವನು, ಗುರಿಯನ್ನು ತಗ್ಗಿಸುವುದು ಸೋಲಲ್ಲವೆಂದು ಬರೆದ. 1893ರಿಂದ ಅಲ್ಲಿಗೆ ಎಂಬತ್ತೊಂಬತ್ತು ವರ್ಷ.

ಗೆಲುವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆ ಆಗ ಎದ್ದಿತು. 1987ರಲ್ಲಿ ಕಾನ್‌ಸ್ಟಂಟ್ ಮತ್ತು ಮರ್ಲಿ ಎಂಬಿಬ್ಬರು ಹೆಗಲಿಗೆ ನೂರು ಅಂಕಗಳ ಒಂದು ಪರೀಕ್ಷೆಯನ್ನು ಮಾಡಿದರು. ಅದು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಚಲನೆಗೆ 40 ಅಂಕ, ಬಲಕ್ಕೆ 25, ದಿನನಿತ್ಯದ ಕಾರ್ಯಗಳಿಗೆ 20, ನೋವಿಲ್ಲದಿರುವುದಕ್ಕೆ 15. ದಿನನಿತ್ಯದ ಕಾರ್ಯಗಳ ಆ ಇಪ್ಪತ್ತರೊಳಗೆ ನಿದ್ದೆಗೆ ದೊರೆಯುವುದು ಎರಡೇ ಅಂಕ. ಕೈ ಎಲ್ಲಿಯವರೆಗೆ ಕೆಲಸ ಮಾಡಬಲ್ಲುದು ಎಂಬುದಕ್ಕೆ ಒಂದು ಏಣಿಯಿದೆ: ಸೊಂಟದವರೆಗೆ 2, ಎದೆಮೂಳೆಯ ತುದಿಯವರೆಗೆ 4, ಕತ್ತಿನವರೆಗೆ 6, ನೆತ್ತಿಯವರೆಗೆ 8, ನೆತ್ತಿಗಿಂತ ಮೇಲೆ 10. ಎಲ್ಲ ಬಗೆಯ ಹೆಗಲುಗಳಿಗೂ ಒಂದೇ ಅಳತೆಗೋಲು ಬೇಕಾದಾಗ ಹೀಗೆಯೇ ಮಾಡಬೇಕಾಗುತ್ತದೆ; ಅದನ್ನು ನಾನು ಹಳಿಯುತ್ತಿಲ್ಲ. ಆದರೆ ನನ್ನ ದೊಡ್ಡಮ್ಮ ಬೇಡಿದ ಎರಡು ವರಗಳನ್ನು ಈ ಪರೀಕ್ಷೆಯಲ್ಲಿ ಹುಡುಕಿ ಲೆಕ್ಕ ಹಾಕಿದೆ. ರಾತ್ರಿಯ ನಿದ್ದೆಗೆ 2. ಎದೆಯಲ್ಲಿ ನಿಂತ ಕೈ ನೆತ್ತಿಗೆ ಏರಿದುದಕ್ಕೆ ಹೆಚ್ಚುವರಿ 4. ಒಟ್ಟು ನೂರಕ್ಕೆ ಆರು. ಆ ಆರು ಅಂಕಗಳಿಗಾಗಿ ಆಕೆ ಇಪ್ಪತ್ತು ವರ್ಷ ಕಾದಿದ್ದರು.

ರೋಗಿಯ ಬದುಕಿನಿಂದ ಚಿಕಿತ್ಸೆಯನ್ನು ನೋಡುವ ಪಾಠವನ್ನು ಕಲಿಸಿದ ಇನ್ನೊಂದು ಸ್ಥಳ ಫಿನ್ಲೆಂಡಿನ ಹೈನೊಲ. ಅಲ್ಲಿ 1951ರಲ್ಲಿ ಸಂಧಿವಾತಕ್ಕೆಂದೇ ಒಂದು ಆಸ್ಪತ್ರೆ ಆರಂಭವಾಯಿತು. ಅದರ ಶಸ್ತ್ರವೈದ್ಯ ಕೌಕೊ ವೈನಿಯೊ ಔಷಧವೈದ್ಯನೂ ಶಸ್ತ್ರವೈದ್ಯನೂ ಒಂದೇ ಸೂರಿನಡಿ ಕುಳಿತು ಒಬ್ಬ ರೋಗಿಯನ್ನು ಇಡಿಯಾಗಿ ನೋಡುವ ಪದ್ಧತಿಯನ್ನು ಬೆಳೆಸಿದ. ಈ ರೋಗದಲ್ಲಿ ಹೆಗಲೊಂದೇ ಕೆಟ್ಟಿರುವುದು ಅಪರೂಪ. ಮಂಡಿ ಕೆಟ್ಟವರು ಊರುಗೋಲು ಹಿಡಿದರೆ ಮೈಭಾರವೆಲ್ಲ ಹೆಗಲಿನ ಮೇಲೆ ಬೀಳುತ್ತದೆ. ಮೊಣಕೈಯೂ ಕೆಟ್ಟಿದ್ದರೆ ಯಾವುದನ್ನು ಮೊದಲು ಸರಿಪಡಿಸಬೇಕೆಂಬ ಪ್ರಶ್ನೆ ಏಳುತ್ತದೆ. ಕುತ್ತಿಗೆಯ ಮೂಳೆಗಳು ಸಡಿಲವಾಗಿದ್ದರೆ ಅರಿವಳಿಕೆ ಕೊಡುವುದೇ ಅಪಾಯ. ಆದ್ದರಿಂದ ಹೆಗಲನ್ನು ಮುಟ್ಟುವ ಮೊದಲು ಕುತ್ತಿಗೆಯನ್ನು ಪರೀಕ್ಷಿಸಬೇಕಾಗುತ್ತದೆ. ಹೆಗಲು ಒಂದು ಒಕ್ಕಲು, ಮನೆ ದೊಡ್ಡದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆದ ಆ ಆಸ್ಪತ್ರೆ ಈಗಿಲ್ಲ. ಅದು ಕಲಿಸಿದ ಪದ್ಧತಿ ಉಳಿದಿದೆ.

ನೀರ್‌ನ ಕೀಲಿಗೂ ಒಂದು ಮಿತಿಯಿತ್ತು. ಸ್ನಾಯುಗಳು ಹರಿದ ಹೆಗಲಿನಲ್ಲಿ ಲೋಹದ ಗುಂಡು ಮೇಲಕ್ಕೆ ಜಾರಿ, ಪಾಲಿಎಥಿಲೀನಿನ ತಟ್ಟೆಯ ಮೇಲಂಚನ್ನು ಒತ್ತುತ್ತ, ಅದನ್ನು ಅತ್ತಿತ್ತ ತೂಗಿ ತೂಗಿ ಕೊನೆಗೆ ಸಡಿಲಿಸುತ್ತಿತ್ತು. 1988ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಮತ್ತು ಸಂಗಡಿಗರು ಇದನ್ನು ಮಕ್ಕಳ ತೂಗುಕುದುರೆಗೆ ಹೋಲಿಸಿ ವಿವರಿಸಿದರು. ಆದ್ದರಿಂದ ಅಂಥ ರೋಗಿಗಳಿಗೆ ತಟ್ಟೆಯನ್ನು ಬಿಟ್ಟು ಗುಂಡನ್ನು ಮಾತ್ರ ಬದಲಿಸುವ ರೂಢಿ ಬೆಳೆಯಿತು. ಹಿಂದೆ ಸ್ಟಾನ್‌ಮೋರಿನ ವರದಿಯಲ್ಲಿ ಪಾಲುಗೊಂಡಿದ್ದ ಸ್ಟೀಫನ್ ಕೋಪ್‌ಲ್ಯಾಂಡ್ ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1986ರಿಂದ ಇನ್ನೊಂದು ಉಪಾಯವನ್ನು ಬಳಕೆಗೆ ತಂದ. ಗುಂಡನ್ನು ಕತ್ತರಿಸಿ ತೆಗೆಯದೆ, ಸವೆದ ಹಲ್ಲಿಗೆ ಕವಚ ತೊಡಿಸಿದಂತೆ, ಅದರ ಮೇಲೆಯೇ ಒಂದು ಲೋಹದ ಟೋಪಿಯನ್ನು ತೊಡಿಸುವುದು ಆತನ ಕ್ರಮ. ಮೂಳೆ ಉಳಿಯುತ್ತಿತ್ತು, ಮುಂದೆ ಮೊಣಕೈಗೂ ಕೃತಕ ಕೀಲು ಬೇಕಾದರೆ ತೋಳಿನೊಳಗೆ ಅದರ ಕಾಂಡಕ್ಕೆ ಎಡೆಯಿರುತ್ತಿತ್ತು.

ನಿಜವಾದ ತಿರುವು ಬಂದದ್ದು ಫ್ರಾನ್ಸಿನ ದಿಜೋನ್ ನಗರದಿಂದ. ಪಾಲ್ ಗ್ರಾಮೋಂ ಎಂಬ ಶಸ್ತ್ರವೈದ್ಯ 1985ರಲ್ಲಿ ಹೆಗಲನ್ನು ತಲೆಕೆಳಗು ಮಾಡಿದ. ತೋಳಿನ ತುದಿಯಲ್ಲಿದ್ದ ಗುಂಡನ್ನು ಹೆಗಲ ಹಲಗೆಮೂಳೆಗೆ ಕೂಡಿಸಿದ. ಅಲ್ಲಿದ್ದ ಬಟ್ಟಲನ್ನು ತೋಳಿನ ತುದಿಗೆ ತಂದ. ಗುಂಡು-ಬಟ್ಟಲುಗಳನ್ನು ಹೀಗೆ ಅದಲುಬದಲು ಮಾಡಿದವರು ಆತನಿಗೆ ಮೊದಲೂ ಇದ್ದರು, ಅವು ನಿಲ್ಲಲಿಲ್ಲ. ಕೀಲು ತಿರುಗುವ ಕೇಂದ್ರವನ್ನು ಒಳಕ್ಕೂ ಕೆಳಕ್ಕೂ ಸರಿಸಬೇಕೆಂದು ಕಂಡುಕೊಂಡದ್ದು ಗ್ರಾಮೋಂನ ಬುದ್ಧಿ. ಒಳಕ್ಕೆ ಸರಿದಾಗ ಮೂಳೆಯ ಮೇಲಿನ ಎಳೆತ ಕಡಿಮೆಯಾಯಿತು. ಕೆಳಕ್ಕೆ ಸರಿದಾಗ ಡೆಲ್ಟಾಯ್ಡ್ ಸ್ನಾಯು ಬಿಗಿಯಾಗಿ, ಸಣ್ಣ ಸ್ನಾಯುಗಳ ನೆರವಿಲ್ಲದೆಯೇ ತೋಳನ್ನು ಎತ್ತತೊಡಗಿತು. ಮಿಣಿಗಳು ಹರಿದ ತೇರನ್ನೂ ಎಳೆಯಬಹುದೆಂದು ಆತ ತೋರಿಸಿದ. 1987ರಲ್ಲಿ ಮೊದಲ ಎಂಟು ರೋಗಿಗಳ ವಿವರವನ್ನು ಆತ ಪ್ರಕಟಿಸಿದ್ದು ಶಸ್ತ್ರವೈದ್ಯರ ಪತ್ರಿಕೆಯಲ್ಲಲ್ಲ, ಸಂಧಿವಾತದ ವೈದ್ಯರ ಪತ್ರಿಕೆಯಲ್ಲಿ. ಅಮೆರಿಕದ ಔಷಧಿ ಇಲಾಖೆ ಈ ತಲೆಕೆಳಗಿನ ಹೆಗಲಿಗೆ ಒಪ್ಪಿಗೆಯಿತ್ತದ್ದು 2003ರಲ್ಲಿ.

ಸಂಧಿವಾತದ ಟೊಳ್ಳು ಮೂಳೆ ಈ ಕೀಲನ್ನು ಹಿಡಿದಿಡಬಲ್ಲುದೇ ಎಂಬ ಅಂಜಿಕೆ ಮೊದಲಲ್ಲಿ ಇದ್ದೇ ಇತ್ತು. ಬಂಧಿತ ಕೀಲುಗಳ ನೆನಪು ಇನ್ನೂ ಹಸಿಯಾಗಿತ್ತು. ಆರಂಭದಲ್ಲಿ ಕೆಲವರಿಗೆ ಮರುಶಸ್ತ್ರಕ್ರಿಯೆ ಬೇಕಾದದ್ದೂ ಉಂಟು. ಮುಂದೆ ಅನುಭವ ಬೆಳೆದಂತೆ, ಸ್ನಾಯು ಹರಿದ ಸಂಧಿವಾತದ ಹೆಗಲಿಗೂ ಇದು ಒದಗುವುದೆಂದು ಖಚಿತವಾಯಿತು. ಇಂದಿಗೂ ಈ ರೋಗಿಗಳಲ್ಲಿ ಸೋಂಕಿನ ಮತ್ತು ಮೂಳೆ ಮುರಿಯುವ ಭಯ ಉಳಿದವರಿಗಿಂತ ಹೆಚ್ಚೇ. ಅದನ್ನು ಮರೆಮಾಚಿ ಹೇಳುವುದು ಸರಿಯಲ್ಲ.

ಆದರೆ ಚರಿತ್ರೆಯ ವಿನೋದವನ್ನು ನೋಡಿ. ಸಂಧಿವಾತದ ಹೆಗಲಿಗೆ ತಕ್ಕ ಯಂತ್ರ ಸಿದ್ಧವಾಗುವ ಹೊತ್ತಿಗೆ ಅದರ ಅಗತ್ಯವೇ ಕಡಿಮೆಯಾಗತೊಡಗಿತ್ತು. ಆ ಕಥೆ ಔಷಧಿಯದು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ 29 ವರ್ಷದ ರೋಗಿಯೊಬ್ಬಳಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟ. ಹಾಸಿಗೆ ಹಿಡಿದವಳು ಕೆಲವೇ ದಿನಗಳಲ್ಲಿ ಎದ್ದು ಪೇಟೆಗೆ ಹೋಗಿ ಬಂದಳು. 1950ರಲ್ಲಿ ಹೆಂಚ್ ಮತ್ತು ಸಂಗಡಿಗರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಆ ಪವಾಡಕ್ಕೆ ಬಡ್ಡಿ ತೆರಬೇಕಾಗಿತ್ತು: ಬಹುಕಾಲದ ಬಳಕೆಯಿಂದ ಮೂಳೆ ಇನ್ನೂ ಟೊಳ್ಳಾಗುತ್ತಿತ್ತು, ಚರ್ಮ ತೆಳುವಾಗುತ್ತಿತ್ತು, ಸೋಂಕು ಹೆಚ್ಚುತ್ತಿತ್ತು.

ಹೆಂಚ್‌ನ ಆ ಪವಾಡಕ್ಕೆ ಒಂದು ತಿಂಗಳಿಗೆ ಸ್ವಲ್ಪ ಮೊದಲು, 1948ರ ಆಗಸ್ಟಿನಲ್ಲಿ, ನ್ಯೂಯಾರ್ಕಿನಲ್ಲಿ ನಮ್ಮ ನೆರೆಯ ಆಂಧ್ರದ ಭೀಮವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾಯರು ತೀರಿಕೊಂಡರು. ಲೆಡರ್ಲೆ ಪ್ರಯೋಗಶಾಲೆಯಲ್ಲಿ ಅವರ ತಂಡ ರಕ್ತದ ಕ್ಯಾನ್ಸರಿಗೆಂದು ಸಿದ್ಧಪಡಿಸಿದ ಔಷಧಿಗಳ ಬಳಗಕ್ಕೆ ಸೇರಿದ್ದು ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೊಮ್ಮೆ ಅಲ್ಪಪ್ರಮಾಣದಲ್ಲಿ ಕೊಟ್ಟರೆ ಸಂಧಿವಾತವನ್ನು ಹತೋಟಿಗೆ ತರಬಹುದೆಂದು ಜಗತ್ತು ಪೂರ್ಣವಾಗಿ ಮನಗಂಡದ್ದು 1980ರ ದಶಕದಲ್ಲಿ. ಅಮೆರಿಕದಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಪಂಜಾಬಿನ ಲುಧಿಯಾನದಲ್ಲಿ ಹುಟ್ಟಿದ ರವೀಂದ್ರನಾಥ ಮೈನಿ ಉರಿಯೂತದ ಮೂಲಕಾರಕಗಳಲ್ಲೊಂದನ್ನು ತಡೆಯುವ ಹೊಸಬಗೆಯ ಔಷಧಿಯನ್ನು ರೋಗಿಗಳಿಗೆ ಕೊಟ್ಟು ನೋಡಿದರು. ಶತಮಾನ ಮುಗಿಯುವುದರೊಳಗೆ ಅಂಥ ಔಷಧಿಗಳು ಬಳಕೆಗೆ ಬಂದವು. ಸಕಾಲದಲ್ಲಿ ಚಿಕಿತ್ಸೆ ಪಡೆದವರ ಕೀಲುಗಳು ಉಳಿದವು. ಜಗತ್ತಿನಲ್ಲಿ ಹೆಗಲುಬದಲಿಯ ಶಸ್ತ್ರಕ್ರಿಯೆಗಳ ಒಟ್ಟು ಸಂಖ್ಯೆ ಏರುತ್ತಿದ್ದರೂ ಅವುಗಳಲ್ಲಿ ಸಂಧಿವಾತದ ಪಾಲು ಇಳಿಯುತ್ತಿದೆ. ಶಸ್ತ್ರವೈದ್ಯನ ಚರಿತ್ರೆಯಲ್ಲಿ ಇದಕ್ಕಿಂತ ಸಂತೋಷದ ಅಧ್ಯಾಯ ಇರಲಾರದು.

ಆದರೆ ಕೊನೆಯ ಅಧ್ಯಾಯವನ್ನು ಇನ್ನೂ ಬರೆಯುವಂತಿಲ್ಲ. ಔಷಧಿ ತಡವಾಗಿ ದೊರೆತವರು, ದೊರೆಯದವರು, ದೊರೆತರೂ ಫಲಿಸದವರು ಇದ್ದಾರೆ. ಇವರ ಹೆಗಲು ಬಹುಕಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಮಂಡಿ ಕೆಟ್ಟರೆ ಮನುಷ್ಯ ಕುಂಟುತ್ತಾನೆ, ಎಲ್ಲರಿಗೂ ಕಾಣುತ್ತದೆ. ಹೆಗಲು ಕೆಟ್ಟರೆ ಆತ ಸುಮ್ಮನೆ ಹೊಂದಿಕೊಳ್ಳುತ್ತಾನೆ. ಮೇಲಿನ ಗೂಡಿನ ಡಬ್ಬಿಗಳು ಕೆಳಗಿನ ಗೂಡಿಗೆ ಬರುತ್ತವೆ. ತಲೆಯ ಮೇಲಿನಿಂದ ತೊಡುವ ಉಡುಪು ಹೋಗಿ ಮುಂದೆ ಗುಂಡಿಯಿರುವ ಉಡುಪು ಬರುತ್ತದೆ. ತುರುಬು ಕಟ್ಟುವ ಕೆಲಸ ಸೊಸೆಯ ಪಾಲಿಗೆ ಹೋಗುತ್ತದೆ. ಹೀಗೆ ಹೊಂದಿಕೊಳ್ಳುತ್ತ ಹೋದಂತೆ ಒಳಗೆ ಸ್ನಾಯು ಹರಿಯುತ್ತದೆ, ಮೂಳೆ ಕರಗುತ್ತದೆ. ವೈದ್ಯನ ಬಳಿಗೆ ಬರುವ ಹೊತ್ತಿಗೆ ಕೂಡಿಸಲು ಕೀಲಿದ್ದರೂ ಹಿಡಿಯಲು ಮೂಳೆ ಇರುವುದಿಲ್ಲ. ಸಂಧಿವಾತದ ಹೆಗಲುಗಳು ತೀರ ತಡವಾಗಿ ತಮ್ಮ ಬಳಿಗೆ ಬರುತ್ತವೆಂಬುದು ಶಸ್ತ್ರವೈದ್ಯರ ಹಳೆಯ ಕೊರಗು. ಮಿತ ಗುರಿಯೆಂದರೆ ತಡಮಾಡಬಹುದೆಂದಲ್ಲ. ಆ ಮಿತ ಗುರಿಯನ್ನು ಮುಟ್ಟುವುದಕ್ಕೂ ಒಂದು ಸಕಾಲವುಂಟು.

ಆದ್ದರಿಂದ ತಮ್ಮಲ್ಲಿ ನನ್ನದೊಂದು ಬಿನ್ನಹ. ತಮ್ಮ ಮನೆಯಲ್ಲಿ ಈ ಬೇನೆಯಿಂದ ನರಳುವವರಿದ್ದರೆ ‘ನೋವು ಹೇಗಿದೆ’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಇದ್ದೇ ಇದೆ ಎಂದು ಅವರು ಹೇಳಿಬಿಡುತ್ತಾರೆ. ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ, ತಲೆ ಬಾಚಿಕೊಳ್ಳುವುದು ಯಾರು ಎಂದು ಕೇಳಿ. ಆ ಉತ್ತರವನ್ನು ವೈದ್ಯರಿಗೂ ತಲುಪಿಸಿ.

ದೊಡ್ಡಮ್ಮನಿಗೆ ಶಸ್ತ್ರಕ್ರಿಯೆ ಆಗಲಿಲ್ಲ. ವಯಸ್ಸಾಯಿತು, ಇನ್ನು ಬೇಡ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೆವು. ಅವರನ್ನು ಕೇಳಿದ್ದೆವೋ ಇಲ್ಲವೋ ನನಗೆ ನೆನಪಿಲ್ಲ. ಅವರು ತೀರಿಕೊಂಡ ಮೇಲೆ ಕೋಣೆಯನ್ನು ಗುಡಿಸುವಾಗ ಆ ಬಾಚಣಿಗೆ ಸಿಕ್ಕಿತು. ದಾರ ಎರಡು ಕಡೆ ಬದಲಾಗಿತ್ತು. ದೊಡ್ಡಪ್ಪ ಹೋದ ಮೇಲೂ ಯಾರೋ ಅದನ್ನು ಬಿಗಿದು ಕಟ್ಟುತ್ತ ಬಂದಿದ್ದರು. ಬಿದಿರಿನ ತುದಿ, ಅವರ ಬೆರಳು ಹಿಡಿಯುತ್ತಿದ್ದ ಕಡೆ, ನುಣ್ಣಗೆ ಸವೆದಿತ್ತು.